ಪೀರ ಹಿಡಿದ ವಾರದ ಮೂತ್ರ

ಮೊನ್ನೆ ಸೇಡಂ ಬಸ್ ನಿಲ್ದಾಣದಲ್ಲಿ ಯಾರದೋ ಕ್ಯಾನಿನಿಂದ ಹುಳಿ ಸಿಂದಿಯ, ಅಂದರೆ ಈಚಲ ಹೆಂಡದ, ವಾಸನೆ ಬಡಿಯಿತು. ಪಕ್ಕದ ಮನೆಯ ಕಾಕಾ ನೆನಪಾದರು... ಮಳಖೇಡದಲ್ಲಿ ಸಿಮೆಂಟ್ ಚೀಲ ಹೊರುತ್ತಿದ್ದವರು.

ಆಗೆಲ್ಲ ನಮ್ಮ ಕಡೆ ಸಿಂದಿಗೆ ನಿದ್ದೆಪುಡಿ ಬೆರೆಸಿ ಮಾರುವವರಿದ್ದರು. ಕಾಕಾ ಅದಕ್ಕೆ ಅಂಟಿಕೊಂಡರು. ಕಾಕಿ ತವರಾದ ದಂಡೋತಿಗೆ ಹೋಗಿ ಕುಳಿತರು. "ಬಿಟ್ಟಾನ ಅಂತ ದವಾಖಾನಿ ಹೇಳ್ಲಿ, ಬರ್ತೀನಿ" ಎಂದರು.

ನಾನು ನಮ್ಮ ಮನೆತನದ ಮೊದಲ ಪದವೀಧರ. ಸೇಡಂನ ದವಾಖಾನೆಯಲ್ಲಿ ಚಟ ಬಿಡಿಸುವ ಚಿಕಿತ್ಸೆಯ ಸಂಶೋಧನೆಯೊಂದರಲ್ಲಿ ಕೆಲಸಕ್ಕಿದ್ದೆ. ಕಾಕಾರನ್ನು ಅಲ್ಲಿಗೆ ಕರೆದೊಯ್ದವನೂ ನಾನೇ. ಅಲ್ಲಿ ನಂಬುತ್ತಿದ್ದದ್ದು ಬಾಯಿಮಾತನ್ನಲ್ಲ, ಮೂತ್ರವನ್ನು. ವಾರಕ್ಕೊಮ್ಮೆ ಕೊಡಬೇಕು, ಪುಡಿಯ ಅಂಶ ಸಿಗದಿದ್ದರೆ ಚಿಕಿತ್ಸೆ ಫಲಿಸಿದಂತೆ. ಬರದೇ ಹೋದವರು ಕುಡಿದಂತೆಯೇ ಲೆಕ್ಕ.

ಕಾಕಾರದು ಪ್ರತಿ ಸಲವೂ ಚೊಕ್ಕವಾಗಿಯೇ ಬಂತು. ಕೊನೆಯ ವಾರ ಮೊಹರಂ. ಕಾಕಾ ಓಣಿಯ ಪೀರ ದೇವರನ್ನು, ಅಂದರೆ ಮೊಹರಂ ಮೆರವಣಿಗೆಯ ಪಂಜಾವನ್ನು, ಹಿಡಿಯುವವರು. ನಮ್ಮಲ್ಲಿ ಪೀರ ಹಿಡಿದವರು ಹಬ್ಬ ಮುಗಿಯುವವರೆಗೆ ಊರು ದಾಟುವಂತಿಲ್ಲ, ಸಿಂದಿ ಮುಟ್ಟುವಂತಿಲ್ಲ. ಸೇಡಂಗೆ ಬರಲಿಲ್ಲ, ಕುಡಿದವರ ಸಾಲಿಗೆ ಸೇರಿದರು.

ಹಬ್ಬ ಮುಗಿಸಿ ಬಂದಾಗ ಡಾಕ್ಟರು ನಿಯಮ ಹೇಳಿದರು. ಕಾಕಾ ಸುಮ್ಮನಿರುವ ಪೈಕಿಯವರಲ್ಲ.

"ನಾ ಬರ್ಲಿಲ್ಲಂದ್ರ ನನ್ನ ಉಚ್ಚಿ ತಾನ ಹೋಗಿ ಸಿಂದಿ ಕುಡದು ಬಂತೇನ್ರಿ ಸಾಹೇಬ್ರ?"

ಸುತ್ತಲಿದ್ದವರು ನಕ್ಕರು. ಡಾಕ್ಟರು ನಗಲಿಲ್ಲ. "ತಪ್ಪಿಸಿಕೊಳ್ಳೋರೆಲ್ಲ ಹಬ್ಬದ ನೆಪಾನೇ ಹೇಳೋದು."

ನನಗೆ ತಡೆಯಲಾಗಲಿಲ್ಲ. "ಆ ವಾರದ ಮೂತ್ರ ಸಿಕ್ಕಿಲ್ಲ ಅಂತ ಬರೀರಿ ಸರ್. ಕುಡದಾರ ಅಂತ ನಾ ಸಹಿ ಹಾಕಂಗಿಲ್ಲ" ಎಂದೆ. ಕೆಲಸ ಹೋದರೆ ಹೋಗಲಿ ಎನ್ನಿಸಿತ್ತು. ಅವರು ನಿಯಮ ಬಿಡಲಿಲ್ಲ, ನಾನು ಸಹಿ ಹಾಕಲಿಲ್ಲ.

ಮರುದಿನ ಕಾಕಾರ ಜೊತೆ ದಂಡೋತಿಗೆ ಹೋದೆ. ಕಾಕಾ ಬಿಟ್ಟಿದ್ದಾರೆಂದು ದವಾಖಾನೆ ಹೇಳುವುದಿಲ್ಲ ಎಂಬುದನ್ನು ಮುಚ್ಚಿಡದೆ ತಿಳಿಸಿದೆ. ಕಾಕಿ ನನ್ನತ್ತ ನೋಡದೆ ಕಾಕಾರನ್ನೇ ಕೇಳಿದರು.

"ಪೀರ ಹಿಡದಿದ್ರಿ?"

"ಹಿಡದಿದ್ದೆ."

"ಮತ್ತ ದವಾಖಾನಿಗಿ ಏನ್ ಕೇಳೂದದ? ನಡೀರಿ."

ಕಾಕಾ ಹೋಗಿ ವರ್ಷಗಳಾದವು. ಸಿಂದಿಯಿಂದಲ್ಲ, ಎದೆಬೇನೆಯಿಂದ... ಆ ಸಂಶೋಧನೆಯ ವರದಿಯಲ್ಲಿ ಅವರು ಇಂದಿಗೂ ಚಿಕಿತ್ಸೆ ಫಲಿಸದವರಲ್ಲೊಬ್ಬರು. ಈಗ ಇಂಥದೇ ಪರೀಕ್ಷೆಗಳ ಮೇಲ್ವಿಚಾರಣೆ ನನ್ನದು. ಮನೆಗೆ ಹೋಗಿ ಕೇಳದೆ, ಬರದವರನ್ನು ಕುಡಿದವರೆಂದು ಬರೆಯಲು ಯಾರನ್ನೂ ಬಿಡುವುದಿಲ್ಲ. ಮೇಲಿನವರು ಗೊಣಗುತ್ತಾರೆ, ಗೊಣಗಲಿ. ಇದನ್ನು ಹೇಳಿ ಕಾಕಾರನ್ನು ನಗಿಸೋಣವೆಂದರೆ ಪಕ್ಕದ ಮನೆಯಲ್ಲಿ ಅವರಿಲ್ಲ, ಅಷ್ಟೇ.