ಗಂಜಿ ಮನೆಗಾಗಿ ನೇಯ್ದ ಸೀರೆ

ನಾವೆಲ್ಲ ಒಂದೇ ಜಗಲಿಯಲ್ಲಿ ಅಕ್ಷರ ಕಲಿತವರು. ಮೊಳಕಾಲ್ಮೂರಿನಲ್ಲಿ ಒಬ್ಬ ಐಗಳು ತಮ್ಮ ಮನೆ ಮುಂದೆ ಮರಳು ಹರಡಿ, ಬೆರಳು ಹಿಡಿದು ತಿದ್ದಿಸುತ್ತಿದ್ದರು. ನಾನು ಪರಶುರಾಂಪುರದ ಕಡೆಯವನು, ಕುರಿ ಮೇಯಿಸುವವರ ಮನೆ. ಸೋದರತ್ತೆ ಮನೆಯಲ್ಲಿದ್ದುಕೊಂಡು ಎರಡು ವರ್ಷ ಹೋದೆ, ಬಿಟ್ಟೆ. ಕಲಿತದ್ದು ಅಷ್ಟೇ.

ಜರ್ಮನ್ ಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರ ನಮ್ಮ ಸೀಮೆಯ ಮನೆಮನೆಗೂ ನುಗ್ಗಿತು. ಉಳಿದವರಿಗೆ ಹಸಿವು. ಮೊಳಕಾಲ್ಮೂರಿನ ಛತ್ರದಲ್ಲಿ ನಾಲ್ಕು ಜನ ಸೇರಿ ಗಂಜಿ ಮನೆ ನಡೆಸುತ್ತಿದ್ದರು. ದುಡಿಯುವವರು ಸತ್ತುಹೋದ ಮನೆಗಳ ಹೆಂಗಸರು, ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಕಾಳು ಮುಗಿಯುತ್ತಾ ಬಂತು. ಆಗ ಐಗಳ ಹಳೆಯ ಹುಡುಗರು ನಾವು ಕೈ ಸೇರಿಸಿದೆವು. ಹೊಲ ಇದ್ದವರು ನವಣೆ, ಸಜ್ಜೆ ಕೊಟ್ಟರು. ಅದು ಎಷ್ಟು ದಿನ ಬಂದೀತು? ನಮ್ಮಲ್ಲೊಬ್ಬ ಚಳ್ಳಕೆರೆಯಲ್ಲಿ ಅಂಗಡಿ ಇಟ್ಟಿದ್ದ. ಅವನೊಂದು ದಾರಿ ಹೇಳಿದ. ಬಳ್ಳಾರಿಯ ದೊಡ್ಡ ಮನೆಯೊಂದರಲ್ಲಿ ಮದುವೆ ಇದೆ, ಧಾರೆಗೆ ರೇಷ್ಮೆ ಸೀರೆ ಬೇಕಂತೆ, ಒಳ್ಳೆ ಬೆಲೆ ಕೊಡುತ್ತಾರೆ. ನಾವೇ ನೇಯಿಸಿ ಮಾರಿದರೆ ಸುಗ್ಗಿಯವರೆಗೆ ಗಂಜಿ ನಡೆಯುತ್ತದೆ.

ಅಂಗಡಿಯವನು ರೇಷ್ಮೆ ಕೊಟ್ಟ. ಒಬ್ಬ ಜರಿ ತಂದ, ಒಬ್ಬ ಬಣ್ಣ ಹಾಕಿಸಿದ. ನನ್ನದು ಗಾಡಿ, ಎತ್ತು. ನಮ್ಮಲ್ಲಿದ್ದ ನೇಕಾರರು ತಲೆಗೊಂದು ಮೊಳ ನೇಯೋಣ ಅಂದರು. ಮರಳಿನ ಮುಂದೆ ನನ್ನ ಪಕ್ಕದಲ್ಲಿ ಕೂರುತ್ತಿದ್ದ ನನ್ನ ಗೆಳೆಯ ನಕ್ಕುಬಿಟ್ಟ.

"ಮಗ್ಗದ್ ಪೆಟ್ಟು ಒಬ್ಬೊಬ್ಬಂದು ಒಂದೊಂದ್ ಥರ ಕಣ್ರಲೇ. ಇವನ ಪೆಟ್ಟು ಬಿದ್ರೆ ಸೀರೆ ಗೋಣಿಚೀಲ ಆಗ್ತೈತೆ."

"ಹಂಗಾರೆ ನೀನೇ ನೇಯಪ್ಪ, ದೊಡ್ ನೇಕಾರ!"

"ನೇಯ್ತೀನಿ ಬಿಡ್ರಲೇ, ಅದ್ಕೇನು."

ಎಲ್ಲರೂ ಸೇರಿ ಕೊಟ್ಟದ್ದು ಹೀಗೆ ಒಬ್ಬನ ಮಗ್ಗದ ಮೇಲೆ ಬಂದು ಕೂತಿತು.

ಅವನ ಮಗ್ಗ ನಡುಮನೆಯಲ್ಲಿ. ನೆಲದ ಗುಂಡಿಯಲ್ಲಿ ಕಾಲಿಟ್ಟು ಕೂತು ನೇಯುತ್ತಿದ್ದ. ಅಂಚಿನ ಬಣ್ಣ ಬೇರೆ, ಅದಕ್ಕೊಂದು ಬೇರೆ ಲಾಳಿ. ಪಕ್ಕದಲ್ಲಿ ಕೂತು ಅದನ್ನು ಹಿಡಿದು ತಿರುಗಿ ತಳ್ಳುವುದು ಅವನ ಹೆಂಡತಿಯ ಕೆಲಸ. ಅವರಿಗೆ ಒಂದೇ ಮಗು, ಹೆಣ್ಣು, ಆಗಷ್ಟೇ ನಡೆಯಲು ಕಲಿತದ್ದು. ಕುರಿಯವನು ಅಂತ ನನ್ನನ್ನು ಕಂಡ ಕೂಡಲೇ "ಬ್ಯಾ" ಅನ್ನುತ್ತಿತ್ತು. ನಾನೂ "ಬ್ಯಾ" ಅನ್ನಬೇಕು. ಅನ್ನದಿದ್ದರೆ ಅಳು.

ನೇಕಾರರ ಮನೆಯಲ್ಲಿ ಸಾವಾದರೆ ಸೂತಕ ಕಳೆಯುವವರೆಗೆ ಮಗ್ಗ ಮುಟ್ಟುವ ಹಾಗಿಲ್ಲ. ಸೂತಕದ ಸೀರೆಯನ್ನು ಧಾರೆಗೆ ಯಾರೂ ಕೊಳ್ಳುವುದಿಲ್ಲ. ಇದು ನಮಗೆಲ್ಲ ಗೊತ್ತು. ಊರಿನಲ್ಲಿ ದಿನಾ ಹೆಣ ಏಳುತ್ತಿದ್ದ ಕಾಲದಲ್ಲಿ ಒಂದೇ ಮನೆಯ ಮಗ್ಗವನ್ನು ನಂಬಿ ಕೂತೆವು. ಯಾರಿಗೂ ಅದು ಹೊಳೆಯಲಿಲ್ಲ.

ಸೀರೆ ಕೊಡುವ ದಿನ ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಹೋದೆ. ಸಂಜೆಯೊಳಗೆ ಬಳ್ಳಾರಿ ದಾರಿಯ ರಾಂಪುರದಲ್ಲಿ ಮದುವೆ ಮನೆಯವರ ಆಳಿಗೆ ಮುಟ್ಟಿಸಬೇಕಿತ್ತು. ಸೆರಗು ಇನ್ನೂ ನಾಲ್ಕು ಬೆರಳು ಬಾಕಿ ಇತ್ತು. ಮಗುವಿಗೆ ಮೈ ಬಿಸಿ ಅಂತ ಹಿಂದಿನ ದಿನ ಕೇಳಿದ್ದೆ. ಅವನ ಹೆಂಡತಿ, ನಾನು ತಂಗಿ ಅಂತ ಕರೆಯುವವಳು, ಮಗ್ಗದ ಹತ್ತಿರ ಇರಲಿಲ್ಲ. ಒಳಕೋಣೆಯ ಬಾಗಿಲು ಮುಂದೆ ಮಾಡಿತ್ತು.

"ತಂಗಿ ಎಲ್ಲಲೇ?" ಅಂದೆ.

"ಒಳಗವಳೆ, ಮಗು ಹತ್ರ. ನೀನ್ ಕೂತ್ಕ ಇಲ್ಲಿ. ಲಾಳಿ ಬಂದ್ ಕೂಡ್ಲೇ ನನ್ ಕಡೆ ತಳ್ಳು."

"ಕುರಿ ಹಿಡಿಯೋ ಕೈಲೇ ಇದು."

"ತಳ್ಳಲೇ, ಸಾಕು."

ಕೂತೆ. ಎರಡು ಸಲ ಲಾಳಿ ಬೀಳಿಸಿದೆ. ಬೇರೆ ದಿನವಾಗಿದ್ದರೆ ನನ್ನ ವಂಶವನ್ನೆಲ್ಲ ಬೈಯುತ್ತಿದ್ದ. ಅವತ್ತು ಸುಮ್ಮನೆ ಎತ್ತಿ ಕೊಟ್ಟ. ಕೂತು ಕೂತು ಬೇಸರವಾಗಿ, ಒಳಕೋಣೆಯ ಕಡೆ ತಿರುಗಿ "ಬ್ಯಾ" ಅಂದೆ. ಉತ್ತರ ಬರಲಿಲ್ಲ. ಇನ್ನೊಂದು ಸಲ ಜೋರಾಗಿ ಅಂದೆ.

ಅವನ ಕೈ ನಿಂತಿತು. "ಸುಮ್ನಿರಲೇ," ಅಂದ. ಅಷ್ಟೇ. ಮತ್ತೆ ಪೆಟ್ಟು ಬೀಳತೊಡಗಿತು, ಮೊದಲಿನ ಹಾಗೇ, ಒಂದೇ ಸಮ.

ಮುಗಿದ ಮೇಲೆ ಸೀರೆ ಕತ್ತರಿಸಿ, ಮಡಿಸಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಗುಂಡಿಯಿಂದ ಮೇಲೆ ಏಳಲೇ ಇಲ್ಲ.

"ಹೊರಡು. ದಾರೀಲಿ ಎಲ್ಲೂ ನಿಲ್ಬೇಡ," ಅಂದ.

ರಾಂಪುರದ ದಾರಿಯುದ್ದಕ್ಕೂ ನಾನು ಹಿಗ್ಗಿನಲ್ಲಿದ್ದೆ. ಆಳು ಸೆರಗಿನ ಮೇಲೆ ಕೈಯಾಡಿಸಿ ತಲೆದೂಗಿದ. ಮಾರನೆಯ ದಿನ ಅಲ್ಲೇ ಜೋಳ ಕೊಂಡು, ಗಾಡಿ ತುಂಬ ಹೇರಿಕೊಂಡು ಬಂದು ಗಂಜಿ ಮನೆಗೆ ಇಳಿಸಿದೆ. ಮಗುವಿಗೆ ಅಂತ ಬತ್ತಾಸು ತಂದಿದ್ದೆ. ಅವನ ಮನೆ ಬೀದಿಗೆ ತಿರುಗುವಾಗಲೇ ಪಕ್ಕದ ಮನೆಯ ಅಜ್ಜಿ ತಡೆದಳು.

"ನಿನ್ನೆ ನೀನ್ ಅತ್ಲಾಗ್ ಹೋದೆ, ಇತ್ಲಾಗ್ ಮಗು ಹೋಯ್ತು ಕಣಪ್ಪ."

ಅವನು ಮನೆಯಲ್ಲಿರಲಿಲ್ಲ. ನಾಯಿ ಕೆದಕದ ಹಾಗೆ ಮಗುವನ್ನು ಹೂತ ಮಣ್ಣಿನ ಮೇಲೆ ಮುಳ್ಳು ಹಾಕಲು ಹೋಗಿದ್ದ. ಅವನ ಹೆಂಡತಿ ಹೊಸಿಲ ಮೇಲೆ ಕೂತಿದ್ದಳು. ಅಜ್ಜಿ ಆಚೆ ಹೋಗುವವರೆಗೂ ಮಾತಾಡಲಿಲ್ಲ.

"ಕೋಳಿ ಕೂಗೋ ಹೊತ್ಗೇ ಹೋಗಿತ್ತಣ್ಣ," ಅಂದಳು. "ಅಳಬ್ಯಾಡ, ಅತ್ರೆ ಬೀದಿಯೋರು ಬರ್ತಾರೆ, ಮಗ್ಗ ನಿಲ್ತೈತೆ ಅಂದ್ರು ಇವ್ರು. ಬಾಯಿಗೆ ಸೆರಗು ತುರುಕ್ಕಂಡು ಮಡಿಲಾಗೆ ಹಾಕ್ಕಂಡು ಕೂತಿದ್ದೆ. ನೀನು ಬ್ಯಾ ಅಂದಿದ್ದು ಕೇಳಿಸ್ತು."

ಅಲ್ಲೇ ಬೀದಿಯಲ್ಲಿ ಕುಕ್ಕರಿಸಿದೆ.

"ಯಾರ್‌ಗೂ ಹೇಳ್ಬ್ಯಾಡ. ಸೀರೆ ತಿರುಗಿ ಬಂದ್ರೆ ಆ ಮಕ್ಳಿಗೆ ಗಂಜಿ ಇರಲ್ಲ. ನಮ್ದು ಸುಮ್ನೆ ಹೋದಂಗಾಗ್ತೈತೆ."

ಹೇಳಲಿಲ್ಲ. ಗಂಜಿ ಮನೆ ಸುಗ್ಗಿಯವರೆಗೂ ನಡೆಯಿತು. ಗೆಳೆಯರಿಗೆಲ್ಲ ಹುಮ್ಮಸ್ಸು. ಸುಗ್ಗಿ ಮುಗಿದ ಮೇಲೆ ಮತ್ತೊಂದು ಸೀರೆಗೆ ರೇಷ್ಮೆ ಹೊಂದಿಸಿ ಎಲ್ಲರೂ ಅವನ ಬಾಗಿಲಿಗೆ ಬಂದರು. ನಾನೂ ಇದ್ದೆ.

"ನಾನ್ ನೇಯಲ್ಲ," ಅಂದ.

"ಯಾಕಲೇ, ಒಂದೇ ಸೀರೆಗೆ ಇಷ್ಟು ಕೊಬ್ಬಾ?" ಅಂದ ಅಂಗಡಿಯವನು. "ನಾವೆಲ್ಲ ಕೊಟ್ಟಿಲ್ವಾ? ಬಡವರ ಮಕ್ಳು ಅಂದ್ರೆ ಕರುಳು ಚುರ್ ಅನ್ನಲ್ವೇನಲೇ ನಿಂಗೆ?"

ಅವನು ನನ್ನ ಮುಖ ನೋಡಿದ. ನಾನು ಎತ್ತಿನ ಹಗ್ಗ ಹಿಡಿದುಕೊಂಡು ನಿಂತಿದ್ದೆ. ಅವರು ಇನ್ನಷ್ಟು ಬೈದು, ರೇಷ್ಮೆ ಎತ್ತಿಕೊಂಡು ಹೊರಟುಹೋದರು.

ಅವತ್ತೇ ಅವನು ಮಗ್ಗ ಬಿಚ್ಚಿ, ಗುದ್ದಲಿ ತಂದು ಗುಂಡಿಗೆ ಮಣ್ಣು ಎಳೆದ. ಹಿತ್ತಲ ಮಣ್ಣು ಸಾಲಲಿಲ್ಲ. ನಾನು ಊರ ಹೊರಗಿನಿಂದ ಒಂದು ಗಾಡಿ ಮಣ್ಣು ತಂದು ಸುರಿದೆ. ಅವಳು ನೀರು ಚಿಮುಕಿಸಿ ತುಳಿದು ಸಮ ಮಾಡಿದಳು.

ಬಳ್ಳಾರಿಯ ಆ ಮದುವೆಯಾಗಿ ಬಹಳ ದಿನವಾಯಿತು, ಆ ಸೀರೆ ಇನ್ನು ತಿರುಗಿ ಬರುವುದಿಲ್ಲ. ಬರೆದರೆ ಬರಿ ಅಂತ ಅವಳೇ ಅಂದಳು. ಅವನು ಈಗ ಬೇರೆಯವರ ಮನೆಗೆ ಕೂಲಿಗೆ ಹೋಗಿ ನೇಯುತ್ತಾನೆ. ನಡುಮನೆಯಲ್ಲಿ ಗುಂಡಿ ಇದ್ದ ಆ ಜಾಗದಲ್ಲಿ ಏನೂ ಇಟ್ಟಿಲ್ಲ, ಬರಿ ನೆಲ. ಮೊಳಕಾಲ್ಮೂರಿಗೆ ಹೋದಾಗ ಅವರ ಮನೆಯಲ್ಲೇ ಉಣ್ಣುತ್ತೇನೆ. ಅಲ್ಲಿ ಮಾತ್ರ ಕೂರುವುದಿಲ್ಲ. ಗೋಡೆಗೆ ಒತ್ತಿ ಕೂರುತ್ತೇನೆ.