ತೂಬಿನ ಮೇಲೊಂದು ಫೋನಿನ ಪರೀಕ್ಷೆ

ಕಾಲುವೆಯ ಗೇಟು ಕಾಯುವವರಿಗಾಗಿ ನಾನು ಕಟ್ಟಿದ ಮೊಬೈಲ್ ಜಾಲತಾಣ ಮೊದಲ ದಿನ ಏನು ಮಾಡಿತು, ಊಹಿಸಿ ನೋಡೋಣ. ನೀರಿನ ಮಟ್ಟ ಕಳಿಸಿತು ಅಂದಿರಾ? ಪಾಪ, ನಾನೂ ಹಾಗೇ ಅಂದುಕೊಂಡಿದ್ದೆ.

ಹೊಸಪೇಟೆಯ ಮನೆಯಲ್ಲಿ ಆರು ಬಗೆಯ ಫೋನುಗಳನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಮೆಟ್ಟಿಲ ಮೇಲಿಂದ ಬೀಳಿಸಿ, ಬದುಕುಳಿದದ್ದನ್ನು ಆರಿಸಿದ್ದೆ. ಪರದೆ ಒತ್ತಿ ನೋಡಿದ್ದು ಮಾತ್ರ ತಿಂಡಿ ತಿಂದು, ಕೈ ತೊಳೆದು, ಫ್ಯಾನಿನ ಕೆಳಗೆ ಕೂತು.

ಕಂಪ್ಲಿ ಹತ್ತಿರದ ತೂಬಿನಲ್ಲಿ ಗೇಟು ಕಾಯುವ ಹನುಮಂತಪ್ಪನವರು ಫೋನಿನಲ್ಲಿ ನೀರಿನ ಮಟ್ಟದ ಅಂಕಿ ತುಂಬಿ, ಒಂದು ಗೇಟಿನ ಚಕ್ರ ತಿರುವಿ ಬಂದರು. ಈಗ ಕೈತುಂಬ ಗ್ರೀಸು. ಬೆಳಗಿನ ಎಂಟರೊಳಗೆ ಅಂಕಿ ಕಳಿಸದಿದ್ದರೆ ಗೈರುಹಾಜರಿ. ಜಾಲತಾಣದಲ್ಲಿ ಆ ನಿಯಮ ಇಟ್ಟವನೂ ನಾನೇ. ಎರಡೇ ನಿಮಿಷ ಉಳಿದಿತ್ತು. ಎಷ್ಟು ಒತ್ತಿದರೂ ಪರದೆ ಜಪ್ಪಯ್ಯ ಅನ್ನಲಿಲ್ಲ.

“ಸಾಹೇಬ್ರ, ದುಡಿಯೋ ಕೈ ನಿಮ್ಮ ಫೋನಿಗೆ ಆಗಿಬರಂಗಿಲ್ಲೇನ್ರಿ? ನೀವ ಒತ್ರಿ.”

“ಪರೀಕ್ಷೆ ಅಂದ್ರ ಪರೀಕ್ಷೆ, ಹನುಮಂತಪ್ಪ. ನಾ ಒತ್ತಂಗಿಲ್ಲ,” ಅಂದೆ ಗತ್ತಿನಿಂದ.

ಅವರು ಬಗ್ಗಿ, ಮೂಗಿನ ತುದಿಯಿಂದ ಒತ್ತಿಯೇಬಿಟ್ಟರು. ‘ಕಳಿಸಿ’, ‘ರಜೆ’ ಎರಡೂ ಗುಂಡಿಗಳನ್ನು ಅಂದಕ್ಕೆಂದು ಸಾಸಿವೆಕಾಳಿನಷ್ಟು ಮಾಡಿ, ಅಕ್ಕಪಕ್ಕ ಕೂರಿಸಿದ ಮಹಾನುಭಾವ ನಾನು. ಪರದೆ ಬೆಳಗಿತು: ‘ನಿಮ್ಮ ರಜೆ ಮಂಜೂರಾಗಿದೆ.’

“ಭಾಳ ಚಲೋ ಐತ್ರಿ! ಇಷ್ಟು ಜಲ್ದಿ ನಂಗ ಯಾರೂ ರಜಾ ಕೊಟ್ಟಿಲ್ಲ. ಬರ್ರಿ, ಉಳಿದ ಗೇಟು ನೀವ ತಿರುವ್ರಿ.”

ಅವರು ಜಾಲಿಮರದ ನೆರಳಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡರು. ನಾನು ಕಚೇರಿಗೆ ಫೋನು ಮಾಡಿ, ಬಾಯಲ್ಲೇ ಹೇಳಿ ಅವರ ಹಾಜರಿ ಬರೆಸಿ, ಬೆವರು ಸುರಿಸುತ್ತ ಗೇಟು ತಿರುವಿದೆ. ಇಂಜಿನಿಯರನಾಗಿ ನಿವೃತ್ತನಾದ ನಾನು ಆ ದಿನದ ತಾರೀಖು ಮರೆಯುವುದುಂಟೆ? ಸೆಪ್ಟೆಂಬರ್ ಹದಿನೈದು, ಇಂಜಿನಿಯರುಗಳ ದಿನ.