ಅಮ್ಮಂದಿರ ದಿನ ಸೇತುವೆ ಖಾಲಿ ಇತ್ತು

ಮೆಕ್ಸಿಕೊದ ಗಡಿಯೂರು ನುಯೆವೊ ಲರೇದೊದ ಲಾರಿ ಅಡ್ಡೆಗಳಲ್ಲಿ ಕೂಕೊ ಎಂದರೆ ಕಾವಲಿನ ನಾಯಿಗಳಿಗೂ ಗೊತ್ತು. ಇಗರ್ಜಿಯಲ್ಲಿ ಇಟ್ಟ ಹೆಸರು ರೆಫೂಹಿಯೊ. ಅದನ್ನು ಪೂರ್ತಿಯಾಗಿ ಕರೆಯುವವರು ಪೊಲೀಸರು ಮತ್ತು ಕಸ್ಟಮ್ಸಿನವರು ಮಾತ್ರ. ಇಪ್ಪತ್ತಮೂರು ವರ್ಷದಿಂದ ಅವನದು ಒಂದೇ ಕೆಲಸ. ನದಿಯ ಈ ದಂಡೆಯಲ್ಲಿ ಟ್ರೇಲರು ಕಟ್ಟಿಕೊಳ್ಳುವುದು, ಸೇತುವೆ ದಾಟುವುದು, ಆ ದಂಡೆಯಲ್ಲಿ ಬಿಚ್ಚಿಟ್ಟು ವಾಪಸು ಬರುವುದು. ದಿನಕ್ಕೆ ಮೂರು ಸಲ ಅಮೆರಿಕಕ್ಕೆ ಹೋಗಿ ಬರುವ ಈ ಮಹಾಶಯ ಅಲ್ಲಿ ಕಂಡದ್ದೇನು ಎಂದರೆ ಒಂದು ಗೋದಾಮು, ಒಂದು ಕಕ್ಕಸು, ದುಡ್ಡು ಹಾಕಿದರೂ ಒಮ್ಮೊಮ್ಮೆ ಕಾಫಿ ಕೊಡದ ಒಂದು ಯಂತ್ರ. ಅಷ್ಟಾದರೂ ಮೀಸೆ ತಿರುವುವುದಕ್ಕೇನೂ ಕಡಿಮೆ ಇರಲಿಲ್ಲ, ಏಕೆಂದರೆ ಜೇಬಿನಲ್ಲಿ ಬೇಗದ ಸಾಲಿನ ಕಾರ್ಡಿತ್ತು.

ಆ ಕಾರ್ಡಿದ್ದವನಿಗೆ ಸೇತುವೆಯ ಮೇಲೆ ಬೇರೆಯೇ ಸಾಲು. ಒಂದೂವರೆ ಗಂಟೆಯಲ್ಲಿ ಆಚೆ. ಇಲ್ಲದವನು ನಾಲ್ಕು ಗಂಟೆ ಬಿಸಿಲಿನಲ್ಲಿ ಬೇಯಬೇಕು. ಕಾರಿನ ಕಾರ್ಖಾನೆಗಳಿಗೆ ವೈರಿನ ಕಂತೆ ಸಾಗಿಸುವ ಕಂಪನಿಗಳು ಕಾರ್ಡಿಲ್ಲದ ಡ್ರೈವರನ ಮುಖವನ್ನೂ ನೋಡುವುದಿಲ್ಲ. ಆಚೆಯವರ ದಾಖಲೆಯಲ್ಲಿ ಒಂದು ತಪ್ಪು ಬಿದ್ದರೆ ಕಾರ್ಡು ಹೋಯಿತೆಂದೇ ಅರ್ಥ. ಕೂಕೊನ ಹೆಸರಿನ ಮುಂದೆ ಇಪ್ಪತ್ತಮೂರು ವರ್ಷದಲ್ಲಿ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಅವನು ಅದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮೊದಲೆಲ್ಲ ಲಾರಿಯಲ್ಲಿ ಏನಿದೆ ಎಂಬ ಪಟ್ಟಿಯನ್ನು ಡ್ರೈವರನೇ ಕಾಗದದಲ್ಲಿ ಕೊಂಡೊಯ್ದು ಕಿಟಕಿಯಲ್ಲಿ ಕೊಡುತ್ತಿದ್ದ. ಆಮೇಲೆ ಕಾಗದ ಹೋಗಿ ಕಂಪ್ಯೂಟರ್ ಬಂತು. ಲಾರಿ ಯಾವುದು, ಟ್ರೇಲರ್ ಯಾವುದು, ಡ್ರೈವರ್ ಯಾರು, ಸರಕು ಏನು, ಎಲ್ಲವನ್ನೂ ಅಡ್ಡೆಯಲ್ಲಿ ಕೂತು ಮುಂಚಿತವಾಗಿ ತುಂಬಿ ಕಳಿಸಬೇಕು, ಆಚೆಯಿಂದ ಒಪ್ಪಿಗೆ ಬರಬೇಕು, ಆಮೇಲೆ ಲಾರಿ ಹೊರಡಬೇಕು. ಆ ಕೆಲಸಕ್ಕೆಂದು ಅಡ್ಡೆಯ ಮೂಲೆಯಲ್ಲಿ ಎ.ಸಿ. ಹಾಕಿದ ಒಂದು ಗಾಜಿನ ಕೋಣೆ ಎದ್ದಿತು, ಒಳಗೆ ಚಕ್ರದ ಕುರ್ಚಿ ಬಂತು. ಕಂಪನಿಯ ಒಡತಿ, ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಎಲ್ವಿರಾ, ಆ ಕುರ್ಚಿಗೆ ಮೊದಲು ಕರೆದದ್ದು ಕೂಕೊನನ್ನೇ. ಕೂಕೊ ಟೋಪಿ ತೆಗೆದು, ನನಗೆ ಬೇಡ, ನಾಬೋರನಿಗೆ ಕೊಡಿ ಎಂದ.

ನಾಬೋರ್ ಅವನ ಜೊತೆ ಒಂದೇ ಬೀದಿಯಲ್ಲಿ ಚಡ್ಡಿ ಹಾಕಿಕೊಂಡು ಬೆಳೆದವನು, ಒಂದೇ ವರ್ಷ ಲಾರಿ ಹತ್ತಿದವನು. ಮೊಂತೆರ‍್ರೇ ದಾರಿಯಲ್ಲಿ ಲಾರಿ ಮಗುಚಿ ಅವನ ಬೆನ್ನುಮೂಳೆ ಕೆಟ್ಟಿತ್ತು. ಮತ್ತೆ ಸ್ಟಿಯರಿಂಗ್ ಹಿಡಿಯುವ ಹಾಗಿರಲಿಲ್ಲ, ಮನೆಯಲ್ಲಿ ಒಲೆ ಉರಿಯುವುದೂ ಕಷ್ಟವಾಗಿತ್ತು. ಕೂಕೊನ ಹೆಂಡತಿ ಚಾಯೊ ಆಗ ಗಂಡನಿಗೆ ಒಂದು ವಾರ ನೆಟ್ಟಗೆ ಅನ್ನ ಹಾಕಲಿಲ್ಲ. ತಣ್ಣನೆಯ ಕೋಣೆಯನ್ನು ದಾನ ಮಾಡಿ ಬಂದ ಧರ್ಮರಾಯ ಎಂದು ಅಕ್ಕಪಕ್ಕದವರಿಗೆಲ್ಲ ಸಾರಿದಳು. ಆದರೆ ಎರಡು ವರ್ಷದ ಮೇಲೆ ಮಗಳು ಯರೇಲಿ ಹುಟ್ಟಿದಾಗ ನಾಬೋರ್ ಕಣ್ಣಲ್ಲಿ ನೀರು ತುಂಬಿಕೊಂಡು ಬಂದು, ಈ ಕೂಸನ್ನು ಇಗರ್ಜಿಯಲ್ಲಿ ನಾನು ಎತ್ತಿ ಹಿಡಿಯುತ್ತೇನೆ ಎಂದು ಕೇಳಿದ. ಹಾಗೆ ಅವನು ಮಗುವಿಗೆ ಧರ್ಮಪಿತನಾದ, ಕೂಕೊನಿಗೆ ಕೊಂಪಾದ್ರೆಯಾದ. ಕೊಂಪಾದ್ರೆ ಎಂದರೆ ನಮ್ಮಲ್ಲಿ ಒಡಹುಟ್ಟಿದವನಿಗಿಂತ ಒಂದು ಕೈ ಹೆಚ್ಚು. ಅಲ್ಲಿಯವರೆಗೆ ಎಲಾ, ಲೇ ಎಂದು ಕರೆದುಕೊಳ್ಳುತ್ತಿದ್ದ ಇಬ್ಬರೂ ಆವತ್ತಿನಿಂದ ಪದ್ಧತಿಯಂತೆ ನೀವು, ತಾವು ಎಂದು ಮರ್ಯಾದೆ ಕೊಡತೊಡಗಿದರು. ಬೀದಿಯವರು ಸ್ವಲ್ಪ ದಿನ ನಕ್ಕರು.

ನಾಬೋರ್ ಕೆಟ್ಟ ಕೆಲಸಗಾರನೇನಲ್ಲ. ಬೆರಳು ಚುರುಕು, ಆದರೆ ಮೈಗಳ್ಳತನವೂ ಅಷ್ಟೇ ಚುರುಕು. ನಿನ್ನೆಯ ಪಟ್ಟಿಯನ್ನೇ ನಕಲು ಮಾಡಿ, ಬದಲಾದದ್ದನ್ನಷ್ಟೇ ತಿದ್ದಿ ಕಳಿಸುತ್ತಿದ್ದ. ಒಪ್ಪಿಗೆ ಬರುವ ತನಕ ಡ್ರೈವರನನ್ನು ನಿಲ್ಲಿಸಿಕೊಳ್ಳುವುದು ಅವನಿಗೂ ಬೇಡ, ಡ್ರೈವರನಿಗೂ ಬೇಡ. ಕಳಿಸಿದ ಕೂಡಲೇ ಫೋನಿನಲ್ಲಿ ಧ್ವನಿ ಕಳಿಸಿಬಿಡುತ್ತಿದ್ದ, ಹೋಗಿ ಎಂದು. ಹೇಗೂ ಸೇತುವೆಯ ಮೇಲೆ ಒಂದೂವರೆ ಗಂಟೆ ಸಾಲು. ಲಾರಿ ಕಿಟಕಿಗೆ ಮುಟ್ಟುವುದರೊಳಗೆ ಒಪ್ಪಿಗೆ ಬಂದಿರುತ್ತಿತ್ತು, ತಪ್ಪಿದ್ದರೆ ತಿದ್ದಲೂ ಪುರುಸೊತ್ತಿತ್ತು. ಪಟ್ಟಿ ಸಾಲಿನಲ್ಲೇ ಹಣ್ಣಾಗುತ್ತದೆ ಎಂದು ಡ್ರೈವರುಗಳು ನಗೆಯಾಡುತ್ತಿದ್ದರು. ಈ ಊರಿನ ಯಾವ ಅಡ್ಡೆಗೆ ಹೋದರೂ ಇದೇ ಕಥೆ. ಕೇಳಿದರೆ ಮಾತ್ರ ಎಲ್ಲರೂ ಶಿಲುಬೆ ಮುಟ್ಟಿ, ನಾವು ಹಾಗೆ ಮಾಡುವವರಲ್ಲ ಎನ್ನುತ್ತಾರೆ.

ಎರಡು ಸಲ ನಾಬೋರ್ ಹೀಗೇ ಎಡವಿ, ಎರಡು ಲಾರಿ ಅರ್ಧ ಸೇತುವೆಯಿಂದ ವಾಪಸು ಬಂದಿದ್ದವು. ಮೂರನೆಯ ಸಲವಾದರೆ ಕುರ್ಚಿ ಖಾಲಿ ಮಾಡಿ ಎಂದು ದೋನ್ಯಾ ಎಲ್ವಿರಾ ಎಲ್ಲರೆದುರೇ ಹೇಳಿದ್ದರು.

ಆ ದಿನ ಮೇ ಹತ್ತು, ಅಮ್ಮಂದಿರ ದಿನ. ನಮ್ಮಲ್ಲಿ ಆ ದಿನ ಲಾರಿ ಹತ್ತುವ ಗಂಡಸನ್ನು ದುಡ್ಡು ಕೊಟ್ಟು ಹುಡುಕಬೇಕು. ಮುಂಜಾನೆಯೇ ಬಾಗಿಲ ಮುಂದೆ ಗಿಟಾರು, ಹಾಡು, ಮಧ್ಯಾಹ್ನಕ್ಕೆ ಅಮ್ಮನ ಜೊತೆ ಊಟ. ಕೂಕೊನ ತಾಯಿ ತೀರಿಕೊಂಡು ಆರು ವರ್ಷ. ಗೋರಿಗೆ ಹೂವಿಟ್ಟು ನೇರ ಅಡ್ಡೆಗೆ ಬಂದ. ಚಾಯೊ ಕಟ್ಟಿಕೊಟ್ಟ ಒಣಮಾಂಸ, ಮೊಟ್ಟೆಯ ರೊಟ್ಟಿ ಸುರುಳಿಯನ್ನು ಪಕ್ಕದ ಸೀಟಿನ ಮೇಲಿಟ್ಟ. ಟ್ರೇಲರು ಕಟ್ಟಿ ಸೀಲು ನೋಡುವಷ್ಟರಲ್ಲಿ ಫೋನು ಗುಣುಗುಟ್ಟಿತು. ನಾಬೋರನ ಧ್ವನಿ.

"ಹೊರಡಿ ಕೊಂಪಾದ್ರೆ. ಒಪ್ಪಿಗೆ ಬಂದಿದೆ, ಕಣ್ಣಾರೆ ನೋಡ್ದೆ. ಇವತ್ತು ದಾರಿ ಖಾಲಿ, ಹೂವಿನ ಹಾಗೆ ಹೋಗ್ಬಿಟ್ಟು ಬನ್ನಿ."

ದಾರಿ ಖಾಲಿ ಎಂದು ಹೇಳಿದವನಿಗೇ ಅದರ ಅರ್ಥ ಹೊಳೆಯಲಿಲ್ಲ. ಸೇತುವೆಯ ಮೇಲೆ ಸಾಲೇ ಇರಲಿಲ್ಲ. ಹದಿನೈದು ನಿಮಿಷದಲ್ಲಿ ಕೂಕೊ ಕಿಟಕಿಯ ಮುಂದಿದ್ದ. ಅಧಿಕಾರಿ ಪರದೆ ನೋಡಿದ, ಲಾರಿ ನೋಡಿದ, ಮತ್ತೆ ಪರದೆ ನೋಡಿದ. ಈ ಟ್ರೇಲರಿನ ಹೆಸರಲ್ಲಿ ಪಟ್ಟಿಯೇ ಇಲ್ಲ ಎಂದ. ನಾಬೋರ್ ನಿನ್ನೆಯ ಟ್ರೇಲರಿನ ನಂಬರನ್ನು ತಿದ್ದುವುದನ್ನೇ ಮರೆತಿದ್ದ, ಆ ಪಟ್ಟಿಯನ್ನು ಆಚೆಯ ಕಂಪ್ಯೂಟರು ತಳ್ಳಿಹಾಕಿತ್ತು.

ಲಾರಿಯನ್ನು ತಪಾಸಣೆಯ ಶೆಡ್ಡಿಗೆ ತಿರುಗಿಸಿದರು. ಅಲ್ಲಿ ಫೋನು ಮುಟ್ಟುವಂತಿಲ್ಲ, ಅದು ಲಾರಿಯಲ್ಲೇ ಉಳಿಯಿತು. ಕೂಕೊನನ್ನು ಒಂದು ಕಬ್ಬಿಣದ ಮೇಜಿನ ಮುಂದೆ ಕೂರಿಸಿದರು. ಅಧಿಕಾರಿ ಮೆಕ್ಸಿಕೊ ಮೂಲದವನೇ, ಇಂಪಾದ ನಮ್ಮ ಭಾಷೆಯಲ್ಲೇ ಕೇಳಿದ.

"ಒಪ್ಪಿಗೆ ಇಲ್ದೆ ಬಾ ಅಂತ ಯಾರು ಹೇಳಿದ್ದು?"

ಕೂಕೊ ಗೋಡೆ ನೋಡಿದ. ಗಾಜಿನ ಕೋಣೆಯ ಕುರ್ಚಿ ಕಣ್ಣೆದುರು ಬಂತು, ಅದರಲ್ಲಿ ಬೆನ್ನಿಗೆ ದಿಂಬು ಒತ್ತಿಕೊಂಡು ಕೂತ ನಾಬೋರ್ ಕಂಡ. ಮೂರನೆಯ ಸಲ. ಇಪ್ಪತ್ತಮೂರು ವರ್ಷ ಚೊಕ್ಕವಾಗಿದ್ದವನಿಗೆ ಇವರು ಏನು ಮಾಡಿಯಾರು, ಗದರಿಸಿ ಬಿಟ್ಟಾರು ಎಂದುಕೊಂಡ. ಅಷ್ಟಕ್ಕೂ ನಿಜ ಬೇಕೆಂದರೆ ಧ್ವನಿ ಫೋನಿನಲ್ಲೇ ಇದೆಯಲ್ಲ.

"ಯಾರೂ ಹೇಳಿಲ್ಲ ಸಾರ್. ಆಫೀಸಿನೋರ್ದು ತಪ್ಪಿಲ್ಲ. ನಾನೇ ಅವಸರ ಮಾಡ್ದೆ."

ಅಧಿಕಾರಿ ಅದನ್ನು ಬರೆದುಕೊಂಡ. ಕೂಕೊ ಸಹಿ ಹಾಕಿದ. ಮೂರು ಗಂಟೆಯ ಮೇಲೆ ಹೊರಗೆ ಬಂದು ಫೋನು ತೆಗೆದರೆ ನಾಬೋರನ ಹೊಸ ಧ್ವನಿಯೊಂದು ಕಾದಿತ್ತು. ಚಿಂತೆ ಮಾಡಬೇಡಿ ಕೊಂಪಾದ್ರೆ, ನಾನಿದ್ದೇನೆ ಎಂದು. ಕೂಕೊನಿಗೆ ಎದೆ ತುಂಬಿ ಬಂತು. ಅದರ ಮೇಲಿನ ಹಳೆಯ ಸಂದೇಶಗಳಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ಅವನಿಗಿಲ್ಲ. ಓದಲು ಕನ್ನಡಕ ಬೇಕು, ಕನ್ನಡಕ ಹಾಕಿಕೊಂಡರೆ ವಯಸ್ಸಾದಂತೆ ಕಾಣುತ್ತೇನೆಂಬ ಬಿಗುಮಾನ ಬೇರೆ.

ಐದನೆಯ ದಿನಕ್ಕೆ ಪತ್ರ ಬಂತು. ಕಾರ್ಡು ರದ್ದು. ಮೇಲ್ಮನವಿಗೆ ಮೂವತ್ತು ದಿನ ಅವಕಾಶವಿತ್ತು. ಆದರೆ ಕಚೇರಿ ಹೇಳಿದ್ದರಿಂದಲೇ ಡ್ರೈವರ್ ಹೊರಟ ಎಂದು ಕಂಪನಿ ಬರೆದುಕೊಡಬೇಕು. ಆ ಒಂದು ಪತ್ರವಿದ್ದರೆ ಕಾರ್ಡು ಉಳಿಯುವ ದಾರಿಯಿತ್ತು. ಇಲ್ಲದಿದ್ದರೆ ಐವತ್ತೆರಡನೆಯ ವಯಸ್ಸಿನಲ್ಲಿ ಕೂಕೊ ಯಾರಿಗೂ ಬೇಡದ ಡ್ರೈವರ್.

ಆ ಭಾನುವಾರ ನಾಬೋರ್ ಮನೆಗೆ ಬಂದ. ಎಂದಿನಂತೆ ಅಂಗಳದಲ್ಲಿ ಕೆಂಡದ ಮೇಲೆ ಮಾಂಸ ಸುಟ್ಟರು. ಒಡತಿಯ ಮುಂದೆ ತಾನೇ ಬಾಯಿಬಿಟ್ಟು ಹೇಳುತ್ತೇನೆ, ಕುರ್ಚಿ ಹೋದರೆ ಹೋಗಲಿ ಎಂದ. ಆಗಸ್ಟಿನಲ್ಲಿ ಯರೇಲಿಗೆ ಹದಿನೈದು ತುಂಬುತ್ತದೆ, ಆ ಹಬ್ಬದ ದಿನ ಅವಳೊಂದಿಗೆ ಅಪ್ಪ ಕುಣಿದ ನಂತರದ ಕುಣಿತ ಧರ್ಮಪಿತನಾದ ತನ್ನದು ಎಂದು ಅವಳ ತಲೆ ಸವರಿದ. ಚೆನ್ನಾಗಿ ತಿಂದ. ಎರಡು ಸಲ ಹಾಕಿಸಿಕೊಂಡ.

ಅವನು ಹೋದ ಮೇಲೆ ಚಾಯೊ ತಟ್ಟೆ ತೊಳೆಯುತ್ತ ಹೇಳಿದಳು.

"ಅವತ್ತಿನ್ ಧ್ವನಿ ಫೋನಲ್ಲಿದೆಯಲ್ಲ, ಅದನ್ನ ಮೊದ್ಲು ಮಗಳ ಫೋನಿಗೆ ಕಳ್ಸಿಡು. ನಿನ್ ಕೊಂಪಾದ್ರೆ ಮಾತಾಡೋವಾಗ ನಿನ್ ಮುಖ ನೋಡ್ತಿರ್ಲಿಲ್ಲ, ಮಾಂಸ ನೋಡ್ತಿದ್ದ."

ಕೂಕೊನಿಗೆ ರೇಗಿತು. "ಕೊಂಪಾದ್ರೆ ಮೇಲೆ ಸಾಕ್ಷಿ ಕಟ್ಕೊಂಡು ತಿರುಗ್ಲಾ? ನಾಳೆ ಅವನ ಮುಖ ಹೇಗೆ ನೋಡ್ಲಿ?"

ಆ ಫೋನನ್ನು ಅವನು ತೆರೆದೂ ನೋಡಲಿಲ್ಲ. ನೋಡುವುದೇ ಅನುಮಾನ ಪಟ್ಟ ಹಾಗೆ ಎಂದು ಅವನ ಲೆಕ್ಕ. ಇಂಥವರನ್ನು ಕಂಡರೆ ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ಒಳ್ಳೆಯವನಾಗಿರುವುದಕ್ಕೂ ಒಂದು ಮಿತಿ ಬೇಡವೆ?

ಬುಧವಾರ ಬೆಳಗ್ಗೆ ದೋನ್ಯಾ ಎಲ್ವಿರಾ ಇಬ್ಬರನ್ನೂ ಕರೆದರು. ಆಕೆ ಗಂಡ ಸತ್ತ ಮೇಲೆ ಹನ್ನೊಂದು ಲಾರಿ ನಡೆಸಿದವರು. ಅಳು ನೋಡಿ ಕರಗುವವರಲ್ಲ, ಅನ್ಯಾಯ ಮಾಡುವವರೂ ಅಲ್ಲ. ಇಬ್ಬರಿಗೂ ಕಾಫಿ ಹಾಕಿಸಿ ಕೂರಿಸಿ, ನಾಬೋರನನ್ನು ಕೇಳಿದ್ದು ಒಂದೇ ಪ್ರಶ್ನೆ. ಒಪ್ಪಿಗೆ ಬರುವ ಮುಂಚೆ ಇವರಿಗೆ ಹೊರಡಲು ಹೇಳಿದಿರಾ, ಇಲ್ಲವಾ?

ಕೂಕೊ ಕೊಂಪಾದ್ರೆಯ ಕಡೆ ತಿರುಗಿ, ಧೈರ್ಯ ತುಂಬುವವನಂತೆ ತಲೆಯಾಡಿಸಿದ.

ನಾಬೋರ್ ಕಾಫಿ ಲೋಟ ನೋಡಿಕೊಂಡು ಹೇಳಿದ. "ನಿಲ್ಲಿ ಅಂದಿದ್ದೆ ದೋನ್ಯಾ. ಒಪ್ಪಿಗೆ ಬಂದಿಲ್ಲ, ಅಡ್ಡೇಲೇ ಇರಿ ಅಂದಿದ್ದೆ. ಅಮ್ಮಂದಿರ ದಿನ, ಬೇಗ ಮುಗಿಸ್ಕೊಂಡು ಹೋಗೋ ಅವಸರ ಅವರಿಗೆ."

ಕೂಕೊನಿಗೆ ಕೇಳಿದ್ದು ತಲೆಗೆ ಹತ್ತಲು ಸ್ವಲ್ಪ ಹೊತ್ತೇ ಹಿಡಿಯಿತು. ಅಷ್ಟರಲ್ಲಿ ಒಡತಿ ಮೇಜಿನ ಮೇಲಿದ್ದ ಕಾಗದವನ್ನು ಅವನತ್ತ ತಳ್ಳಿದರು. ಆಚೆಯವರು ಕಳಿಸಿದ ನಕಲು. ಆಫೀಸಿನವರದು ತಪ್ಪಿಲ್ಲ, ನಾನೇ ಅವಸರ ಮಾಡಿದೆ. ಕೆಳಗೆ ಅವನದೇ ಸಹಿ, ದುಂಡಗೆ.

ಕೂಕೊ ಫೋನು ತೆಗೆದ, ಕನ್ನಡಕ ಹಾಕಿಕೊಂಡ. ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತ ಹೋದ. ಭಾನುವಾರದ ಮಾತು, ಅದರ ಹಿಂದಿನ ವಾರದ ಮಾತು, ಮೇ ಹತ್ತರ ಮಧ್ಯಾಹ್ನದ ಚಿಂತೆ ಮಾಡಬೇಡಿ ಕೊಂಪಾದ್ರೆ. ಅದರ ಮೇಲೆ, ಬೆಳಗಿನ ಧ್ವನಿ ಇರಬೇಕಾಗಿದ್ದ ಜಾಗದಲ್ಲಿ, ಒಂದು ಬೂದು ಬಣ್ಣದ ಸಾಲು. ಈ ಸಂದೇಶವನ್ನು ಅಳಿಸಲಾಗಿದೆ.

ಅವನು ಫೋನನ್ನು ಒಡತಿಗೆ ಕೊಟ್ಟ. ಆಕೆ ಬಹಳ ಹೊತ್ತು ನೋಡಿದರು, ನಾಬೋರನನ್ನೂ ನೋಡಿದರು. ಅವರಿಗೆ ಅರ್ಥವಾಗಿತ್ತು ಎಂದೇ ನನ್ನ ನಂಬಿಕೆ. ಆದರೆ ಅರ್ಥವಾದದ್ದನ್ನೆಲ್ಲ ಸಹಿ ಹಾಕಿ ಕಸ್ಟಮ್ಸಿಗೆ ಕಳಿಸಲಾಗುವುದಿಲ್ಲ.

"ಅಳಿಸಿದ್ ಮಾತನ್ನ ನಾನು ಹೇಗೆ ಬರೆದುಕೊಡ್ಲಿ ಕೂಕೊ? ನಿಮ್ಮದೇ ಸಹಿ ಬೇರೆ ಇದೆ."

ಕೂಕೊ ಎದ್ದು ಹೊರಗೆ ಬಂದ. ಅಡ್ಡೆಯಲ್ಲಿ ಬಿಸಿಲು ಸುಡುತ್ತಿತ್ತು. ಅವನ ಲಾರಿಗೆ ಆಗಲೇ ಬೇರೊಬ್ಬ ಡೀಸೆಲ್ ಹಾಕಿಸುತ್ತಿದ್ದ. ಹಿಂದಿನಿಂದ ನಾಬೋರ್ ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಕಾಲೆಳೆಯುತ್ತ ಬಂದ. ಕೂಕೊನಿಗೆ ಅವನನ್ನು ಹೊಡೆಯಬೇಕೆನಿಸಲಿಲ್ಲ, ಬೈಯಬೇಕೆನಿಸಲಿಲ್ಲ. ತಿಳಿಯಬೇಕಾದದ್ದು ಒಂದೇ ಇತ್ತು. ಕುರ್ಚಿ ಹೋಗುತ್ತದೆಂದು ಹೆದರಿ ನಿನ್ನೆಯೋ ಮೊನ್ನೆಯೋ ಅಳಿಸಿದ್ದರೆ, ಹೆದರಿದ ಮನುಷ್ಯ ಎಂದು ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು.

"ಯಾವಾಗ ಅಳ್ಸಿದ್ರಿ ಕೊಂಪಾದ್ರೆ?"

ನಾಬೋರ್ ನೆಲ ನೋಡಿದ. ಸುಳ್ಳು ಹೇಳಲು ಅವನಿಗೂ ಸುಸ್ತಾಗಿತ್ತೋ ಏನೋ.

"ಆವಾಗ್ಲೇ. ನೀವಿನ್ನೂ ಶೆಡ್ಡಲ್ಲಿದ್ರಿ."

ಕೂಕೊನಿಗೆ ಆ ಕಬ್ಬಿಣದ ಮೇಜು ನೆನಪಾಯಿತು. ಅಧಿಕಾರಿ ಕೊಟ್ಟ ಪೆನ್ನು ಮೊದಲು ಬರೆಯಲಿಲ್ಲ, ಅಂಗೈ ಮೇಲೆ ಗೀಚಿ ನೋಡಿ ಸಹಿ ಹಾಕಿದ್ದ. ಆ ಹೊತ್ತಿಗೆ ಇವನು ಅಲ್ಲಿ ಆ ತಣ್ಣನೆಯ ಕೋಣೆಯಲ್ಲಿ, ಆ ಕುರ್ಚಿಯಲ್ಲಿ ಕೂತು, ಅಳಿಸಿ ಮುಗಿಸಿ, ನಾನಿದ್ದೇನೆ ಎಂದು ಧ್ವನಿ ಕಳಿಸುತ್ತಿದ್ದ.

"ಬೆನ್ನು ಕೊಂಪಾದ್ರೆ," ಎಂದ ನಾಬೋರ್. "ಆ ಕುರ್ಚಿ ಬಿಟ್ರೆ ನಾನೆಲ್ಲಿ ಹೋಗ್ಲಿ? ನನ್ ಬೆನ್ನು ನಿಮಗೆ ಗೊತ್ತಲ್ಲ."

"ಗೊತ್ತು," ಎಂದ ಕೂಕೊ. "ಅದಕ್ಕೇ ಅಲ್ಲಿ ಸಹಿ ಹಾಕಿದ್ದು."

ನಾಬೋರ್ ಮುಖವೆತ್ತಿದ. ಕೂಕೊ ತನ್ನ ಜೇಬಿನಲ್ಲಿದ್ದ ಲಾರಿಯ ಇನ್ನೊಂದು ಕೀಲಿಯನ್ನು ಡೀಸೆಲ್ ಹಾಕಿಸುತ್ತಿದ್ದವನ ಕೈಗೆ ಕೊಟ್ಟು, ಎರಡನೆಯ ಗೇರು ಸ್ವಲ್ಪ ಬಿಗಿ, ಮೆಲ್ಲಗೆ ಹಾಕು ಎಂದು ಹೇಳಿ, ಬಸ್ಸು ನಿಲ್ಲುವ ಕಡೆಗೆ ನಡೆದ.